ಅಳಿಸಿದ ನೀಲಿ ಗೆರೆ

“ಇವತ್ತೂ ನೌಕರನ ಹೆಸರಿನ ಕಾಲಂ ಖಾಲಿ. ದೂರು ತಗೊಳ್ಳೋಕಾಗಲ್ಲ.” ನಕ್ಷೆ ವಿಭಾಗದ ಗುಮಾಸ್ತ ತಲೆಯೆತ್ತದೆ ಅರ್ಜಿಯನ್ನು ಕಿಟಕಿಯಾಚೆ ತಳ್ಳಿದ.

ಹೆಂಗಸು ಅದನ್ನು ಮತ್ತೆ ಒಳಗೆ ತಳ್ಳಿದಳು. ಅವಳು ಬಂದದ್ದು ಇದು ಮೂರನೇ ಸಲ. ಅವಳನ್ನು ಕಂಡದ್ದೇ ತಡ, ಪಕ್ಕದ ಮೇಜಿನವನು ಚಹಾದ ನೆಪ ಹೇಳಿ ಜಾಗ ಖಾಲಿ ಮಾಡಿದ್ದ.

ಸಂಗತಿ ಇಷ್ಟೇ. ನೀರು ಸರಬರಾಜಿನ ದೊಡ್ಡ ಕೊಳವೆಗಳು ಕೇಡಿಗರ ಕಣ್ಣಿಗೆ ಬೀಳಬಾರದು, ಜನ ನೋಡುವ ನಕ್ಷೆಯಿಂದ ಅವನ್ನು ಅಳಿಸಿ ಎಂದು ಆದೇಶ ಬಂತು. ಗುಮಾಸ್ತ ಒಂದೊಂದೇ ನೀಲಿ ಗೆರೆಯನ್ನು ಅಚ್ಚುಕಟ್ಟಾಗಿ ಅಳಿಸಿದ. ಆಫೀಸಿನ ಗುಟ್ಟೆಂದರೆ ಮನೆಯಲ್ಲೂ ತುಟಿಪಿಟಕ್ಕೆನ್ನದ ಆಸಾಮಿ ಅವನು. ಅಂಥದ್ದೊಂದು ಖಾಲಿ ಜಾಗವನ್ನು ನಂಬಿ ಈ ಹೆಂಗಸಿನ ಮಗಳು, ಕೇಬಲ್ ಕಂಪನಿಯ ಎಂಜಿನಿಯರು, ರಸ್ತೆ ತಿರುವಿನಲ್ಲಿ ಗುಂಡಿ ಅಗೆಸಿದಳು. ಕೊಳವೆ ಒಡೆಯಿತು. ಅಳತೆಗೆಂದು ಗುಂಡಿಗಿಳಿದಿದ್ದವಳು ಮೇಲೆ ಬರಲಿಲ್ಲ.

ಎರಡು ತಿಂಗಳಾಯಿತು. ಅಂದಿನಿಂದ ಗುಮಾಸ್ತನಿಗೆ ಚಹಾ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ, ಹೆದರಿಕೆಯೂ ಆಗಿರಲಿಲ್ಲ.

“ಅಳಿಸಿದ್ದಕ್ಕೆ ನನ್ನ ದೂರಿಲ್ಲ, ಆದೇಶ ಇತ್ತು,” ಎಂದಳು ಹೆಂಗಸು. “ಅಗೆಯೋಕೆ ಮುಂಚೆ ಅವಳು ಈ ಆಫೀಸಿನವರೊಬ್ಬರನ್ನ ಕೇಳಿದ್ಲು, ಆ ತಿರುವಲ್ಲಿ ಏನಾದ್ರೂ ಇದೆಯಾ ಅಂತ. ‘ಎಲ್ಲರೂ ನೋಡೋ ನಕ್ಷೇನ ನೀನೂ ನೋಡ್ಕೋ’ ಅಂದ್ರು. ಅವರ ಹೆಸರು ಬೇಕು.”

“ಕೇಳಿದ್ಲು ಅನ್ನೋಕೆ ಸಾಕ್ಷಿ?”

“ನಾನೇ. ಪಕ್ಕದಲ್ಲೇ ಇದ್ದೆ.”

“ಹಾಗಾದ್ರೆ ಹೆಸರು ಬರೆದೇ ತರಬಹುದಿತ್ತಲ್ಲ.”

“ನನ್ನ ಕೈ ಏಳಲ್ಲ. ಅವರೇ ಬರೀಲಿ ಅಂತ ಬರ್ತಿದೀನಿ.”

ಗುಮಾಸ್ತ ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡಿದ.

“ಅಂಗಿ ಜೇಬಲ್ಲಿದೆ,” ಎಂದಳು ಆಕೆ.

ಹಾಕಿಕೊಂಡು ಮೊದಲಿಂದ ಓದಿದ. ದೂರುದಾರರ ವಿಳಾಸ: ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟಿನ ಮನೆ, ಮೊದಲ ಮಹಡಿ. ಅದರ ಕೆಳಗೆ, ತಪ್ಪಿತಸ್ಥ ನೌಕರನ ಹೆಸರು. ಅಲ್ಲಿ ಪೆನ್ನು ಊರಿದ. ತನ್ನ ಹೆಸರು ಬರೆದ, ಮೊಹರು ಒತ್ತಿದ. ಆಗಲೂ ಏನೂ ಅನಿಸಲಿಲ್ಲ.

“ಇನ್ನೊಂದು ಕಾಲಂ ಉಳೀತು,” ಎಂದಳು ಆಕೆ, ಮೆಲ್ಲಗೆ.

‘ನೌಕರನ ಮನೆ ವಿಳಾಸ’ ಎಂಬುದರ ಮುಂದೆ ಅವನು ಬರೆದ: ‘ದೂರುದಾರರ ವಿಳಾಸವೇ.’