ಹದಿನೇಳನೇ ಕಲಂ

ಯುವಜನ ನೀತಿಯ ಕರಡು ಐದು ಗಂಟೆಯೊಳಗೆ ಮಂತ್ರಿಗಳ ಕೈ ಸೇರಬೇಕಿತ್ತು. ನಾಲ್ಕೂಕಾಲಿಗೆ, ಅದರ ಜೊತೆ ಹೋಗಬೇಕಿದ್ದ ನಮೂನೆಯ ಹದಿನೇಳನೇ ಕಲಂ ಖಾಲಿ ಉಳಿದಿರುವುದು ಸಮಿತಿಯ ಕಾರ್ಯದರ್ಶಿಯ ಕಣ್ಣಿಗೆ ಬಿತ್ತು: ‘ಯುವಜನರ ಅಭಿಪ್ರಾಯ ಪಡೆಯಲಾಗಿದೆಯೇ? ವಿವರ ನೀಡಿ.’

ಮೇಜಿನ ಸುತ್ತ ಕೂತಿದ್ದ ಏಳು ಮಂದಿ ಮುಖ ಮುಖ ನೋಡಿಕೊಂಡರು. ಮಾಹಿತಿ ಯುಗಕ್ಕೆ ಯುವಜನರನ್ನು ಸಜ್ಜುಗೊಳಿಸಲು ಒಂದೂವರೆ ವರ್ಷದಿಂದ ಬೆವರು ಸುರಿಸಿದ್ದವರು ಅವರು. ಬಂದ ಇಮೇಲನ್ನೆಲ್ಲ ಮುದ್ರಿಸಿ ಕೊಟ್ಟರೆ ಅಂಚಿನಲ್ಲಿ ಪೆನ್ನಿನಿಂದ ಉತ್ತರ ಬರೆಯುತ್ತಿದ್ದರು. ಯುವಜನ ಪ್ರತಿನಿಧಿಗೆ ಮೊನ್ನೆಯಷ್ಟೇ ಎರಡನೇ ಮೊಮ್ಮಗು ಹುಟ್ಟಿತ್ತು.

ಅಧ್ಯಕ್ಷರ ದೃಷ್ಟಿ ಮೂಲೆಯ ಕಂಪ್ಯೂಟರಿನ ಮುಂದಿದ್ದ ಟೈಪಿಸ್ಟ್ ಹುಡುಗಿಯ ಮೇಲೆ ನಿಂತಿತು.

“ನಿಂಗೆ ವಯಸ್ಸೆಷ್ಟಮ್ಮ?”

“ಇಪ್ಪತ್ಮೂರು ಸರ್.”

“ಸಾಕು. ಈ ನೀತಿ ಬಗ್ಗೆ ನಿನ್ನ ಅಭಿಪ್ರಾಯ ಏನು, ಹೇಳು.”

ನೂರಾ ಹನ್ನೆರಡು ಪುಟವನ್ನೂ ಟೈಪು ಮಾಡಿದವಳು ಅವಳೇ. ಪ್ರಾಯಶಃ ಪೂರ್ತಿ ಓದಿದವಳೂ ಅವಳೊಬ್ಬಳೇ. ಕರಡು ಹೊರಟರೆ ಅವಳ ಗುತ್ತಿಗೆಯೂ ಅಂದಿಗೇ ಮುಗಿಯುತ್ತಿತ್ತು. ಒಂದು ಮಾತು ಎಷ್ಟೋ ದಿನದಿಂದ ಗಂಟಲಲ್ಲೇ ಕೂತಿತ್ತು. ಎದ್ದು ನಿಂತಳು.

“ಟೈಪಿಂಗ್ ಥರದ ಕೆಲಸ ಎಲ್ಲಾ ಇನ್ಮೇಲೆ ಯಂತ್ರಕ್ಕೆ ಹೋಗುತ್ತೆ ಅಂತ ನಲವತ್ತನೇ ಪುಟದಲ್ಲಿದೆ ಸರ್. ಆ ಯಂತ್ರದ ಉದ್ಘಾಟನೆಗೆ ಯಾರನ್ನ ಕರೀಬೇಕು ಅಂತ ನಲವತ್ತೊಂದ್ರಲ್ಲಿದೆ. ಕೆಲಸ ಕಳ್ಕೊಂಡವ್ರು ಎಲ್ಲಿಗೆ ಹೋಗ್ಬೇಕು ಅಂತ ಯಾವ ಪುಟದಲ್ಲೂ ಇಲ್ಲ. ನನ್ನ ತಂಗಿ ಈಗ ಟೈಪಿಂಗೇ ಕಲೀತಿದಾಳೆ. ಅವಳಿಗೆ ಏನು ಹೇಳ್ಲಿ?”

ಕಾರ್ಯದರ್ಶಿ ಗಡಿಯಾರ ನೋಡಿದರು. ಯುವಜನ ಪ್ರತಿನಿಧಿ ಚಹಾದಲ್ಲಿ ಅದ್ದಿ ಮರೆತಿದ್ದ ಬಿಸ್ಕತ್ತು ಮುರಿದು ತಳ ಸೇರಿತು.

“ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ,” ಎಂದು ಅಧ್ಯಕ್ಷರು ತಲೆದೂಗಿದರು. “ಕೂತ್ಕೋ, ಟೈಪು ಮಾಡು. ‘ಯುವಜನರು ಈ ನೀತಿಯನ್ನು ಹರ್ಷದಿಂದ ಸ್ವಾಗತಿಸಿದರು.’”

ಅವಳು ಕೂತಳು. ಕೀಲಿಗಳ ಮೇಲೆ ಬೆರಳಿಟ್ಟಳು, ತೆಗೆದಳು.

“ನಾನು ಸ್ವಾಗತಿಸ್ಲಿಲ್ವಲ್ಲ ಸರ್. ಅಲ್ದೆ, ನೀವು ಕೇಳಿದ್ದು ನನ್ನೊಬ್ಬಳನ್ನ. ‘ಯುವಜನರು’ ಅಂತ ಬಹುವಚನ ಹೇಗೆ ಹಾಕ್ಲಿ?”

ಅಧ್ಯಕ್ಷರು ಮಮತೆಯಿಂದ ನಕ್ಕರು.

“ಬಹುವಚನಾನೇ ಇರ್ಲಿ ಕಣಮ್ಮ. ನೀನು ಚಿಕ್ಕವಳಾದ್ರೂ ನಾವು ಗೌರವ ಕೊಡ್ಬೇಕಲ್ವಾ?”