ರಸ್ತೆಯಾಚೆಗಿನ ಹನ್ನೊಂದು ಮೈಲಿ

ಕೆಲಸ ಬಿಟ್ಟು ಎಷ್ಟು ವರ್ಷವೋ, ಕೆಲಸದ ಜಾಗ ಅಷ್ಟು ಮೈಲಿ ದೂರ ಸರಿಯುತ್ತದೆ ಎಂಬುದು ಈಗ ಊರಿಗೆಲ್ಲ ಗೊತ್ತಿದ್ದದ್ದೇ. ಹೊಲಿಗೆ ಕೆಲಸ ಬಿಟ್ಟು, ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡ ಗುರುಬಸವ್ವನಿಗೆ ಮನೆ ಎದುರಿನ ಗಾರ್ಮೆಂಟ್ಸ್ ಹನ್ನೊಂದು ಮೈಲಿ. ಉದ್ಯೋಗ ಕಚೇರಿಯವರು ಜೊತೆಗೆ ನಡೆಯಲು ಗುಮಾಸ್ತ ಪಾಯಪ್ಪನನ್ನು ಕೊಟ್ಟಿದ್ದರು.

ಏಳನೆಯ ಮೈಲಿ ಮುಗಿದಾಗ ಅವಳು ಕೂತುಬಿಟ್ಟಳು. "ಸಾಕ್ರೀ, ಮನಿಗೆ ಹೋಗೂಣು. ನನಗ ಹೊಲಿಗಿ ಮರತ ಹೋಗೇತಿ."

"ಆತ್ರೀ ಅಕ್ಕಾರ, ಹೋಗೂಣು," ಎಂದು ಪಾಯಪ್ಪ ಚಪ್ಪಲಿ ಕಳಚಿದ. ಸರ್ಕಾರಿ ನೌಕರನ ಅಂಗಾಲಲ್ಲಿ ಗುಳ್ಳೆ ಎದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನಿಮಗ ಆ ಗಾರ್ಮೆಂಟ್ಸ್ ಗೇಟು ಎಷ್ಟು ದೂರರೀ?"

"ಒಬ್ಬನ ಹೋದ್ರ ರಸ್ತೆ ದಾಟೂದಷ್ಟ. ನಿಮ್ಮ ಜೋಡಿ ಬಂದ್ರ ನಿಮ್ಮಷ್ಟ."

ಗುರುಬಸವ್ವ ಸೆರಗು ಕೊಡವಿ ಎದ್ದಳು. "ಹಿಂದ ಹೋದ್ರ ಏಳು, ಮುಂದ ಹೋದ್ರ ನಾಕು. ನಿಮ್ಮ ಕಾಲಿಗೆ ಮುಂದ ಹೋಗೂದ ವಾಸಿ. ನಡೀರಿ."