ಕಾಲ್ಗುಣದ ಪರೀಕ್ಷೆ

ಹಂಡೆಯಿಂದ ಎತ್ತಿದ ಕೆಂಪು ನೂಲಿನ ಲಡಿಯನ್ನು ಅಂದಾನೆಪ್ಪ ತೊಳೆದು, ಹಿಂಡಿ, ಬಿಳಿ ಅರಿವೆಗೆ ತಿಕ್ಕಿ ನೋಡಿದ. ಅರಿವೆ ಕೆಂಪಾಯಿತು. ಈ ವಾರ ಬಣ್ಣ ಬಿಟ್ಟ ಐದನೆಯ ಹಂಡೆ ಇದು. "ಬನಹಟ್ಟಿಯೊಳಗ ನಲವತ್ತು ವರ್ಷ ನೂಲಿಗೆ ಬಣ್ಣಾ ಹಾಕೇನಿ, ಒಂದ ಲಡಿನೂ ಬಿಟ್ಟಿದ್ದಿಲ್ಲ," ಎಂದವನು ಬಾಗಿಲಲ್ಲಿದ್ದ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದ. "ಈಕಿ ಮನಿಯೊಳಗ ಕಾಲಿಟ್ಟ ಮ್ಯಾಲೆ ಹಿಂಗ ಆತು. ಕಾಲ್ಗುಣ. ಗೌರೀಶ, ಈಕಿನ್ನ ಬೀಳಗಿ ಬಸ್ಸಿಗೆ ಹತ್ಸು. ತವರಮನಿಯೊಳಗ ಇರ್ಲಿ."

ವಂದನಾಳ ಮೈ ಉರಿಯಿತು. ಮದುವೆಯಾಗಿ ನಾಲ್ಕೇ ತಿಂಗಳು. ಕಾಲ್ಗುಣದ ಹೆಸರಿನಲ್ಲಿ ಬಸ್ಸು ಹತ್ತಿದ ಸೊಸೆಯನ್ನು ಮತ್ತೆ ಯಾರು ಕರೆಸಿಕೊಳ್ಳುತ್ತಾರೆ? ಗಂಡನ ಕಡೆ ನೋಡಿದಳು. ಪವರ್‌ಲೂಮಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂಬಂತೆ ಗೌರೀಶ ಕೂತಿದ್ದ. ಕರೆಂಟು ಹೋಗಿ ಮಗ್ಗ ನಿಂತು ಆಗಲೇ ಹತ್ತು ನಿಮಿಷವಾಗಿತ್ತು, ಪುಣ್ಯಾತ್ಮನಿಗೆ ಅದೂ ಗೊತ್ತಿದ್ದಂತಿಲ್ಲ.

"ಮಾವಾರ, ಒಂದ ಮಾತು," ಎಂದಳು. ಜಮಖಂಡಿಯಲ್ಲಿ ಬಿ.ಎಸ್ಸಿ. ಓದಿದವಳು, ಅಳುವುದಕ್ಕಿಂತ ವಾದ ಮಾಡುವುದು ಚೆನ್ನಾಗಿ ಬರುತ್ತಿತ್ತು. "ನಾ ಬಂದ ತಿಂಗಳದಾಗ ನೀವು ದವಡಿ ಹಲ್ಲೂ ಕೀಳಿಸಿದ್ರಿ. ಈಗ ತಂಬಾಕು ಅಗಿಯಾಕ ಆಗೂದಿಲ್ಲ, ಲಗೂನ ಉಗುಳ್ತೀರಿ. ನೂಲು ಅರ್ಧಾನ ಕುದ್ದಿರ್ತೈತಿ."

ಆ ಮನೆಯ ಗೋಡೆ ಗಡಿಯಾರ ಇದ್ದದ್ದು ಬರೀ ಶೋಭೆಗೆ. ನೂಲನ್ನು ಹಂಡೆಗೆ ಇಳಿಸಿ ಅಂದಾನೆಪ್ಪ ತಂಬಾಕು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಉಗುಳಿದಾಗ ನೂಲು ಎತ್ತುವುದು. ಅವನಪ್ಪನದೂ ಅದೇ ಲೆಕ್ಕವಾಗಿತ್ತು.

"ನನ್ನ ಬಾಯಿ ಸುದ್ದಿ ನಿನಗ ಬ್ಯಾಡ," ಎಂದ ಮಾವ.

"ಆತು, ಬಿಟ್ಟೆ. ಕಾಲ್ಗುಣಾನ ಪರೀಕ್ಷಾ ಮಾಡೂಣು. ಅದ ನೂಲು, ಅದ ನೀರು, ಅದ ಬಣ್ಣ, ಅದ ಒಲಿ, ನಿಮ್ಮ ತಂಬಾಕು ಸೈತ ಅದ ಇರ್ಲಿ. ನಾ ಒಬ್ಬಾಕಿ ಇರೂದಿಲ್ಲ, ಅಷ್ಟ ಬದಲಿ. ಒಮ್ಮಿಗೇ ಎರಡು ಬದಲಿ ಮಾಡಿದ್ರ ಯಾರ ಪಾಪ ಯಾರ ತಲಿಗೆ ಅಂತ ತಿಳಿಯೂದಿಲ್ಲರಿ."

ಸೊಸೆ ತಾನಾಗಿಯೇ ಬೋನಿಗೆ ಬಿದ್ದಳೆಂದು ಅಂದಾನೆಪ್ಪ ಖುಷಿಯಿಂದ ಒಪ್ಪಿದ. ಮೊದಲ ದಿನ ವಂದನಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಳು. ಬಣ್ಣ ಬಿಟ್ಟಿತು. "ಒಂದ ಸೂರಿನ ಕೆಳಗ ಅದಿಯಲ್ಲ," ಎಂದ ಮಾವ. ಎರಡನೆಯ ದಿನ ಗೆಳತಿ ರಾಧಿಕಾಳ ಮನೆಗೆ ಹೋದಳು. ಬಿಟ್ಟಿತು. ಓಣಿ ಒಂದೇ ಎಂದ. ಮೂರನೆಯ ದಿನ ಜಮಖಂಡಿಯ ಚಿಗವ್ವನ ಮನೆ. ಬಿಟ್ಟಿತು. ಕಾಲ್ಗುಣಕ್ಕೆ ಹದಿನೈದು ಕಿಲೋಮೀಟರು ಯಾವ ದೊಡ್ಡ ದೂರವಂತೆ!

ನಾಲ್ಕನೆಯ ದಿನ ತಾನೇ ಬೀಳಗಿ ಬಸ್ಸು ಹತ್ತಿದಳು. ಹಾದಿಯುದ್ದಕ್ಕೂ ಒಂದೇ ಚಿಂತೆ. ಅಕಸ್ಮಾತ್ ಇವತ್ತು ತಂಬಾಕು ರುಚಿಯಾಗಿ, ಮುದುಕ ಇನ್ನೊಂದು ತಾಸು ಬಾಯಲ್ಲೇ ಇಟ್ಟುಕೊಂಡುಬಿಟ್ಟರೆ? ಬಣ್ಣ ನಿಲ್ಲುತ್ತದೆ, ತಾನು ತವರಿನಲ್ಲಿ ಕಾಯಂ.

ಸಂಜೆ ಫೋನು ಬಂತು.

"ಬಿಡ್ತು," ಎಂದ ಅಂದಾನೆಪ್ಪ. ದನಿ ಮೆತ್ತಗಾಗಿತ್ತು. "ಬೀಳಗಿಯೊಳಗ ಅದಿ ಹೌದಿಲ್ಲೋ? ಖರೆ ಹೇಳು."

"ಖರೇನರಿ. ಅವ್ವನ ಕೈಯಾಗ ಫೋನ್ ಕೊಡ್ಲೇನು?"

"ಬ್ಯಾಡ, ಬ್ಯಾಡ."

"ಹಂಗಾರ ನನ್ನ ಪಾಳಿ ಮುಗೀತರಿ ಮಾವಾರ. ಅದ ನೂಲು, ಅದ ನೀರು, ಅದ ಬಣ್ಣ. ಮೊದಲಿನಂಗ ನಾ ಹಂಡೆ ಹತ್ರ ಇರ್ತೇನಿ. ಇನ್ನ ಬದಲಿ ಮಾಡಿ ನೋಡಾಕ ಒಂದ ಉಳದೈತಿ. ನೀವು ಇಲ್ಲಿ ಬೀಳಗಿಗೆ ಬಂದು ಕುಂದರ್ರಿ."

ಆ ಕಡೆ ಫೋನು ಕೈ ಬದಲಾದ ಸದ್ದು, ಅದರ ಹಿಂದೆಯೇ ಅತ್ತೆ ತಂಗೆವ್ವನ ದನಿ:

"ಮುಂಜಾನಿ ಏಳರ ಬಸ್ಸಿಗೆ ಕಳಸ್ತೇನವಾ. ಧೋತರಾ ಎಲ್ಲಾ ಚೀಲದಾಗ ತುಂಬೇನಿ."